ನ್ಯೂಟ್ರಾನ್ ವಿವರ್ತನಾ ಉಪಕರಣದಲ್ಲಿ ತೀವ್ರತೆ ಮತ್ತು ರೆಸಲ್ಯೂಷನ್: ಹಂತ ಹಂತದ ಮಾರ್ಗದರ್ಶಿ

ಮ್ಯಾಂಗನೀಸ್ ಆಕ್ಸೈಡ್ ಎಂಬ ಹಸಿರು ಪುಡಿಯಿಂದ ಆರಂಭಿಸೋಣ. 1949ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಶಲ್ ಮತ್ತು ಸ್ಮಾರ್ಟ್ ಎಂಬ ಇಬ್ಬರು ಈ ಪುಡಿಯನ್ನು 80 ಕೆಲ್ವಿನ್‌ಗೆ ತಣಿಸಿ ನ್ಯೂಟ್ರಾನ್ ಕಿರಣದ ಎದುರು ಇಟ್ಟರು. ಪುಡಿಯೊಳಗಿನ ಪರಮಾಣು ಪದರಗಳಿಂದ ನ್ಯೂಟ್ರಾನ್‌ಗಳು ಕೆಲವು ಕೋನಗಳಿಗೆ ಮಾತ್ರ ಬಲವಾಗಿ ಚದುರುತ್ತವೆ. ಇದೇ ವಿವರ್ತನೆ, ಆ ಕೋನಗಳಲ್ಲಿ ಎಣಿಕೆ ಏರಿ ಮೂಡುವುದೇ ಶಿಖರ. ಕೋಣೆಯ ಉಷ್ಣತೆಯಲ್ಲಿ ಕಾಣದಿದ್ದ ಶಿಖರಗಳು ಆಗ ಮೂಡಿದವು. ನೆರೆಯ ಪರಮಾಣುಗಳ ಕಾಂತೀಯ ದಿಕ್ಕುಗಳು ಒಂದಕ್ಕೊಂದು ವಿರುದ್ಧವಾಗಿ ಜೋಡಣೆಗೊಳ್ಳುತ್ತವೆ ಎಂಬುದಕ್ಕೆ ಅದು ಮೊದಲ ನೇರ ಸಾಕ್ಷಿ.

ಅದೇ ಪುಡಿಯನ್ನು ಇಂದು ನಾವು ಎರಡು ಪ್ರಶ್ನೆ ಕೇಳಬಹುದು. ಸುಮಾರು 118 ಕೆಲ್ವಿನ್ ಕೆಳಗೆ ಕಾಂತೀಯ ಶಿಖರ ಹೇಗೆ ಬೆಳೆಯುತ್ತದೆ? ಅದೇ ಉಷ್ಣತೆಯಲ್ಲಿ ಘನಾಕೃತಿಯ ಸ್ಫಟಿಕ ಜಾಲ ಒಂದು ಕರ್ಣದ ಉದ್ದಕ್ಕೆ ಕುಗ್ಗಿ ಹೇಗೆ ಓರೆಯಾಗುತ್ತದೆ? ಮೊದಲನೆಯದಕ್ಕೆ ಬೇಕಾದದ್ದು ತೀವ್ರತೆ, ಅಂದರೆ ಡಿಟೆಕ್ಟರ್‌ಗೆ ತಲುಪುವ ನ್ಯೂಟ್ರಾನ್‌ಗಳ ಎಣಿಕೆ. ಎರಡನೆಯದಕ್ಕೆ ಬೇಕಾದದ್ದು ರೆಸಲ್ಯೂಷನ್, ಅಂದರೆ ಹತ್ತಿರದ ಎರಡು ಶಿಖರಗಳನ್ನು ಬಿಡಿಸಿ ತೋರುವ ಶಕ್ತಿ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಕಲಿಸಲಾಗುತ್ತದೆ. ಅದು ಅರ್ಧ ಸತ್ಯ. ಉಪಕರಣಕ್ಕೆ ಒಂದೇ ಒಂದು ರೆಸಲ್ಯೂಷನ್ ಎಂಬುದಿಲ್ಲ, ಕೋನದಿಂದ ಕೋನಕ್ಕೆ ಅದು ಬದಲಾಗುತ್ತದೆ. ನಮ್ಮ ಪ್ರಶ್ನೆ ಯಾವ ಕೋನದಲ್ಲಿದೆ ಎಂದು ತಿಳಿದಿದ್ದರೆ, ಬೇಡದ ಕೋನದ ರೆಸಲ್ಯೂಷನ್ ಬಿಟ್ಟುಕೊಟ್ಟು ತೀವ್ರತೆಯನ್ನು ಪಡೆಯಬಹುದು. ಈ ಲೇಖನ ಆ ಲೆಕ್ಕಾಚಾರದ ಬಗ್ಗೆ.

ಭಾರತದಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ಮುಂಬೈನ ಟ್ರಾಂಬೆಯಲ್ಲಿ 1985ರಲ್ಲಿ ಚಾಲನೆಗೆ ಬಂದ 100 ಮೆಗಾವ್ಯಾಟ್ ಸಾಮರ್ಥ್ಯದ ಧ್ರುವ ರಿಯಾಕ್ಟರ್‌ನ ಗರಿಷ್ಠ ನ್ಯೂಟ್ರಾನ್ ಅಭಿವಾಹ, ಅಂದರೆ ಹಾದುಹೋಗುವ ನ್ಯೂಟ್ರಾನ್‌ಗಳ ಸಂಖ್ಯೆ, ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 1.8 × 10¹⁴. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಲಾವೆ-ಲಾಂಜೆವಿನ್ ಸಂಸ್ಥೆಯ ರಿಯಾಕ್ಟರ್‌ನದು 1.5 × 10¹⁵, ಅಂದರೆ ಎಂಟು ಪಟ್ಟಿಗೂ ಹೆಚ್ಚು. ನಮ್ಮ ವಿಶ್ವವಿದ್ಯಾಲಯಗಳಿಂದ ಟ್ರಾಂಬೆಗೆ ಹೋಗುವ ಸಂಶೋಧಕರಿಗೆ ಸಿಗುವ ದಿನಗಳೂ ಕೈಬೆರಳೆಣಿಕೆಯಷ್ಟು. ಅಲ್ಲಿ ಒಂದೂವರೆ ಪಟ್ಟು ತೀವ್ರತೆ ಹೆಚ್ಚಿತೆಂದರೆ ಮೂರು ದಿನದ ಕೆಲಸ ಎರಡು ದಿನದಲ್ಲಿ ಮುಗಿಯಿತೆಂದೇ ಅರ್ಥ.

ಮೊದಲ ಹಂತ: ಪ್ರಶ್ನೆ ಎಲ್ಲಿದೆ ಎಂದು ಗುರುತಿಸಿ

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನಿಮಗೆ ಬೇಕಾದ ಶಿಖರಗಳ ಪದರ ಅಂತರ (ಶಿಖರವನ್ನು ಹುಟ್ಟಿಸುವ ಪರಮಾಣು ಪದರಗಳ ನಡುವಿನ ದೂರ) ಎಷ್ಟು, ಎಷ್ಟು ಸಣ್ಣ ಬೇರ್ಪಡೆ ಕಾಣಬೇಕು ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಮ್ಯಾಂಗನೀಸ್ ಆಕ್ಸೈಡ್‌ನ ಮೊದಲ ಕಾಂತೀಯ ಶಿಖರದ ಪದರ ಅಂತರ ಸುಮಾರು 5.1 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಭಾಗ). ಜಾಲದ ಓರೆ ಪೂರ್ತಿ ಬೆಳೆದಾಗ ಜಾಲಕೋನ 90 ಡಿಗ್ರಿಯಿಂದ ಸುಮಾರು 0.6 ಡಿಗ್ರಿ ಸರಿಯುತ್ತದೆ. ಇದರಿಂದ 111 ಶಿಖರ (ಇಂಥ ಮೂರಂಕಿಗಳು ಸ್ಫಟಿಕದ ಪದರಗಳನ್ನು ಗುರುತಿಸುವ ಹೆಸರುಗಳು) ಎರಡಾಗಿ ಒಡೆಯುತ್ತದೆ, ಎರಡರ ಪದರ ಅಂತರದಲ್ಲಿನ ವ್ಯತ್ಯಾಸ ಶೇಕಡಾ 1.4ರಷ್ಟು. ಅದೇ ಹೊತ್ತಿಗೆ 200 ಶಿಖರ ಒಡೆಯುವುದೇ ಇಲ್ಲ.

ಇನ್ನೊಂದು ಸೂತ್ರವನ್ನು ಪಕ್ಕದಲ್ಲೇ ಬರೆದುಕೊಳ್ಳಿ: ಪದರ ಅಂತರದ ಸಾಪೇಕ್ಷ ಮಸುಕು = ಕಾಟ್ ಥೀಟಾ × ಥೀಟಾದಲ್ಲಿನ ಅಗಲ. ಥೀಟಾ ಎಂದರೆ ಕಿರಣ ಪದರಕ್ಕೆ ತಾಗುವ ಕೋನ, ಅದೇ ಬ್ರ್ಯಾಗ್ ಕೋನ. ಡಿಟೆಕ್ಟರ್ ಅಳೆಯುವುದು ಕಿರಣ ತಿರುಗುವ ಪೂರ್ಣ ಕೋನವಾದ 2ಥೀಟಾವನ್ನು (ಮುಂದೆ ಶಿಖರಗಳಿಗೆ ಹೇಳುವ ಡಿಗ್ರಿಗಳು ಇದರವೇ), ಆದ್ದರಿಂದ ಶಿಖರದ ಅಗಲವನ್ನು ಅರ್ಧ ಮಾಡಿ ರೇಡಿಯನ್‌ಗೆ ಬದಲಿಸಿಕೊಳ್ಳಬೇಕು. ಕೋನ ಚಿಕ್ಕದಿದ್ದಾಗ ಕಾಟ್ ಥೀಟಾ ದೊಡ್ಡದು. ಹಾಗಾಗಿ ಒಂದೇ ಅಗಲದ ಶಿಖರ ಕೆಳಗಿನ ಕೋನದಲ್ಲಿ ಬಹಳ ಮಸುಕು, ಮೇಲಿನ ಕೋನದಲ್ಲಿ ಚೂಪು.

ಎರಡನೆಯ ಹಂತ: ತರಂಗಾಂತರ ಮತ್ತು ಮಾನೋಕ್ರೊಮೇಟರ್

ತರಂಗಾಂತರವನ್ನು ಆರಿಸುವುದೆಂದರೆ ಪ್ರಶ್ನೆಯನ್ನು ಬೇಕಾದ ಕೋನಕ್ಕೆ ಸರಿಸುವುದು. 5.1 ಆಂಗ್‌ಸ್ಟ್ರಾಮ್‌ನ ಕಾಂತೀಯ ಶಿಖರ 1.2443 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ 14 ಡಿಗ್ರಿಯಲ್ಲಿ, ನೇರ ಕಿರಣದ ಗದ್ದಲಕ್ಕೆ ಸಮೀಪವಾಗಿ ಬೀಳುತ್ತದೆ. 2.4 ಆಂಗ್‌ಸ್ಟ್ರಾಮ್‌ನಲ್ಲಿ ಅದೇ ಶಿಖರ 27 ಡಿಗ್ರಿಗೆ ಸರಿಯುತ್ತದೆ, ಸುತ್ತಲೂ ಬಯಲಿರುತ್ತದೆ. ಪುಡಿಯಿಂದ ಚದುರುವ ಶಿಖರದ ಬಲವೂ ತರಂಗಾಂತರದ ಘನಕ್ಕೆ ಅನುಗುಣವಾಗಿ ಏರುತ್ತದೆ, ಆದರೆ ರಿಯಾಕ್ಟರ್‌ನಿಂದ ಬರುವ ಉಷ್ಣ ನ್ಯೂಟ್ರಾನ್‌ಗಳ ಸಂಖ್ಯೆ ಉದ್ದ ತರಂಗಾಂತರದಲ್ಲಿ ಇಳಿಯುತ್ತದೆ. ಪರಮಾಣುಗಳ ಸ್ಥಾನ, ಕಂಪನ ಇವೆಲ್ಲ ಬೇಕಿದ್ದರೆ ಗಿಡ್ಡ ತರಂಗಾಂತರವೇ ಸರಿ.

ಹರಳಿನ ಆಯ್ಕೆಯಲ್ಲಿ ಒಂದು ಮೋಸದ ಬಗ್ಗೆ ಎಚ್ಚರವಿರಲಿ. ರಿಯಾಕ್ಟರ್‌ನ ಕಿರಣದಿಂದ ಒಂದು ತರಂಗಾಂತರವನ್ನು ಆರಿಸಿಕೊಡುವ ಮಾನೋಕ್ರೊಮೇಟರ್ ಹರಳು ಬೇಕಾದ ತರಂಗಾಂತರದ ಜೊತೆಗೆ ಅದರ ಅರ್ಧವನ್ನೂ ಪ್ರತಿಫಲಿಸಬಹುದು. ಮ್ಯಾಂಗನೀಸ್ ಆಕ್ಸೈಡ್‌ನ ಸಾಮಾನ್ಯ 111 ಶಿಖರದ ಅರ್ಧ ತರಂಗಾಂತರದ ನೆರಳು ಬೀಳುವುದು ಸರಿಯಾಗಿ ಕಾಂತೀಯ ಶಿಖರ ಇರಬೇಕಾದ ಜಾಗದಲ್ಲಿ! ಜರ್ಮೇನಿಯಂ ಮತ್ತು ಸಿಲಿಕಾನ್‌ನ 311, 511, 331ರಂಥ ಪದರಗಳು ಇಲ್ಲಿ ಕೈಹಿಡಿಯುತ್ತವೆ. ವಜ್ರದ ರಚನೆಯ ಕಾರಣದಿಂದ ಅವುಗಳ ಎರಡನೇ ಕ್ರಮಾಂಕದ ಪ್ರತಿಫಲನ ನಿಷಿದ್ಧ. 2.4 ಆಂಗ್‌ಸ್ಟ್ರಾಮ್ ಆಸುಪಾಸಿನಲ್ಲಿ ಗ್ರಾಫೈಟ್ ಹರಳು ಬಳಸುವವರು ಕಿರಣದ ದಾರಿಯಲ್ಲಿ ಕೆಲವು ಸೆಂಟಿಮೀಟರ್ ದಪ್ಪದ ಗ್ರಾಫೈಟ್ ಶೋಧಕವನ್ನೂ ಇಡಬೇಕು. ಅನುಮಾನವಿದ್ದರೆ ಕೋಣೆಯ ಉಷ್ಣತೆಯಲ್ಲಿ ಒಂದು ಸುತ್ತು ಅಳೆಯಿರಿ. ಅಲ್ಲೂ ಚೂಪು ಶಿಖರ ಉಳಿದಿದ್ದರೆ ಅದು ಕಾಂತತ್ವವಲ್ಲ.

ಮೂರನೆಯ ಹಂತ: ಟೇಕ್-ಆಫ್ ಕೋನ ಮತ್ತು ಕಾಲಿಮೇಟರ್‌ಗಳು

ಇಡೀ ಕೆಲಸದ ತಿರುಳು ಇಲ್ಲಿದೆ, ಇಲ್ಲಿ ಆತುರ ಬೇಡ.

ಕಿರಣ ಮೂರು ಕಾಲಿಮೇಟರ್‌ಗಳನ್ನು, ಅಂದರೆ ಅದರ ಕೋನದ ಹರವನ್ನು ಕಿರಿದಾಗಿಸುವ ಕಿಂಡಿಸಾಲುಗಳನ್ನು, ದಾಟುತ್ತದೆ: ರಿಯಾಕ್ಟರ್ ಮತ್ತು ಮಾನೋಕ್ರೊಮೇಟರ್ ನಡುವೆ ಒಂದು, ಮಾನೋಕ್ರೊಮೇಟರ್ ಮತ್ತು ಮಾದರಿಯ ನಡುವೆ ಇನ್ನೊಂದು, ಮಾದರಿ ಮತ್ತು ಡಿಟೆಕ್ಟರ್ ನಡುವೆ ಮೂರನೆಯದು. ಅವು ಬಿಡುವ ಕೋನವನ್ನು ಕ್ರಮವಾಗಿ ಕ₁, ಕ₂, ಕ₃ ಎನ್ನೋಣ. ಮಾನೋಕ್ರೊಮೇಟರ್ ಹರಳಿನೊಳಗಿನ ಸಣ್ಣ ತುಣುಕುಗಳು ಒಂದಕ್ಕೊಂದು ತುಸು ಓರೆಯಾಗಿರುತ್ತವೆ. ಆ ಹರವನ್ನು ಮೊಸಾಯಿಕ್ ಎನ್ನುತ್ತಾರೆ, ಅದು ಮ ಆಗಿರಲಿ. ಎಲ್ಲವನ್ನೂ ಕೋನನಿಮಿಷದಲ್ಲಿ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಲ್ಲಿ ಅಳೆಯೋಣ. 1958ರಲ್ಲಿ ಕಾಗ್ಲಿಯೋಟಿ, ಪಾವೊಲೆಟ್ಟಿ ಮತ್ತು ರಿಚ್ಚಿ ಎಂಬ ಇಟಲಿಯ ಭೌತವಿಜ್ಞಾನಿಗಳು ಇವುಗಳಿಂದ ಶಿಖರದ ಅಗಲವನ್ನು ಲೆಕ್ಕಹಾಕುವ ದಾರಿ ತೋರಿಸಿದರು:

ಅಗಲ² = ಯು·ಟ್ಯಾನ್²ಥೀಟಾ + ವಿ·ಟ್ಯಾನ್ ಥೀಟಾ + ಡಬ್ಲ್ಯು

ಹ = ಕ₁² + ಕ₂² + 4ಮ² ಮತ್ತು ಮಾನೋಕ್ರೊಮೇಟರ್‌ನ ಬ್ರ್ಯಾಗ್ ಕೋನದ ಟ್ಯಾನ್ ಬೆಲೆ ಟ ಎಂದಿಟ್ಟುಕೊಂಡರೆ,

ಯು = 4(ಕ₁²ಕ₂² + ಕ₁²ಮ² + ಕ₂²ಮ²) ÷ (ಟ²ಹ)

ವಿ = −4ಕ₂²(ಕ₁² + 2ಮ²) ÷ (ಟಹ)

ಡಬ್ಲ್ಯು = [ಕ₁²ಕ₂² + ಕ₁²ಕ₃² + ಕ₂²ಕ₃² + 4ಮ²(ಕ₂² + ಕ₃²)] ÷ ಹ

ತೀವ್ರತೆ ಕ₁ × ಕ₂ × ಕ₃ × ಮ ÷ √ಹ ಎಂಬ ಗುಣಲಬ್ಧಕ್ಕೆ ಅನುಗುಣ. ಇದನ್ನು ಯಾವುದೇ ಸ್ಪ್ರೆಡ್‌ಶೀಟ್‌ನಲ್ಲಿ ಹತ್ತು ನಿಮಿಷದಲ್ಲಿ ಕೂರಿಸಬಹುದು. ದಯವಿಟ್ಟು ಕೂರಿಸಿ. ಉಪಕರಣದ ಬಗ್ಗೆ ತಿಂಗಳುಗಟ್ಟಲೆ ಕೇಳಿ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಆ ಹತ್ತು ನಿಮಿಷ ಕಲಿಸುತ್ತದೆ.

ಕ₁ = 10, ಕ₂ = 20, ಕ₃ = 10, ಮ = 20 ಎಂದು ಶುರುಮಾಡೋಣ. ಟೇಕ್-ಆಫ್ ಕೋನ, ಅಂದರೆ ಮಾನೋಕ್ರೊಮೇಟರ್‌ನಲ್ಲಿ ಕಿರಣ ತಿರುಗುವ ಪೂರ್ಣ ಕೋನ, 90 ಡಿಗ್ರಿ ಇರಲಿ. ಯು 457, ವಿ −686, ಡಬ್ಲ್ಯು 424 ಬರುತ್ತದೆ. ಅತಿ ಚೂಪಾದ ಶಿಖರ 2ಥೀಟಾ 74 ಡಿಗ್ರಿಯ ಬಳಿ, ಅಗಲ ಸುಮಾರು 13 ನಿಮಿಷ. ಆದರೆ 120 ಡಿಗ್ರಿಗೆ ಹೋದರೆ ಅಗಲ 24.6 ನಿಮಿಷಕ್ಕೆ ಏರುತ್ತದೆ. ಪದರ ಅಂತರಗಳು ಒತ್ತೊತ್ತಾಗಿ ಸೇರುವ, ರೆಸಲ್ಯೂಷನ್ ಹೆಚ್ಚು ಬೇಕಾದ ಜಾಗವೇ ಅದು.

ಈಗ ಟೇಕ್-ಆಫ್ ಕೋನವನ್ನು ಮಾತ್ರ 120 ಡಿಗ್ರಿಗೆ ಏರಿಸಿ. ಚೂಪು ಜಾಗ 105 ಡಿಗ್ರಿಗೆ ಸರಿಯುತ್ತದೆ, 120 ಡಿಗ್ರಿಯಲ್ಲಿ ಅಗಲ 24.6ರಿಂದ 14.0 ನಿಮಿಷಕ್ಕೆ ಇಳಿಯುತ್ತದೆ. ಬೆಲೆ ಏನು? ಹರಳು ಆರಿಸುವ ತರಂಗಾಂತರದ ಪಟ್ಟಿ ಕಿರಿದಾಗುತ್ತದೆ, ಅದರ ಸಾಪೇಕ್ಷ ಅಗಲ ಸುಮಾರು 0.58 ಪಟ್ಟಾಗುತ್ತದೆ. ಅಷ್ಟು ನ್ಯೂಟ್ರಾನ್‌ಗಳನ್ನು ಕಳೆದುಕೊಂಡೆವು. ಗ್ರೆನೋಬಲ್‌ನ ಡಿ2ಬಿ ಉಪಕರಣ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲಿ ಟೇಕ್-ಆಫ್ ಕೋನ 135 ಡಿಗ್ರಿ, ಜರ್ಮೇನಿಯಂ 335 ಪದರದಿಂದ ಬರುವ ತರಂಗಾಂತರ 1.594 ಆಂಗ್‌ಸ್ಟ್ರಾಮ್.

ಕಳೆದುದನ್ನು ಮರಳಿ ಪಡೆಯಲು ಯಾವ ಕಾಲಿಮೇಟರ್ ಸಡಿಲಿಸಬೇಕು? ಒಂದೊಂದನ್ನೇ ಎರಡು ಪಟ್ಟು ಮಾಡಿ ನೋಡೋಣ. ಕ₃ ಅನ್ನು 20 ಮಾಡಿದರೆ ತೀವ್ರತೆ ಎರಡು ಪಟ್ಟು, ಆದರೆ 120 ಡಿಗ್ರಿಯಲ್ಲಿ ಅಗಲ 22.3 ನಿಮಿಷ. ಕ₁ ಅನ್ನು 20 ಮಾಡಿದರೆ ತೀವ್ರತೆ 1.87 ಪಟ್ಟು, ಅಗಲ 20.8 ನಿಮಿಷ. ಕ₂ ಅನ್ನು 40 ಮಾಡಿದರೆ ತೀವ್ರತೆ 1.6 ಪಟ್ಟು, ಅಗಲ 14.0 ನಿಮಿಷ. ಹೌದು, ಅಗಲ ಬದಲಾಗಲೇ ಇಲ್ಲ! ಹತ್ತು ಗಂಟೆಯ ಅಳತೆ ಆರೂಕಾಲು ಗಂಟೆಗೆ ಇಳಿಯಿತು, ಮೇಲಿನ ಕೋನದಲ್ಲಿ ಒಂದಿಷ್ಟೂ ನಷ್ಟವಿಲ್ಲದೆ.

ನಷ್ಟ ಆಗಿರುವುದು ಕೆಳಗಿನ ಕೋನದಲ್ಲಿ. 20 ಡಿಗ್ರಿಯ ಬಳಿ ಅಗಲ 19ರಿಂದ 27.5 ನಿಮಿಷಕ್ಕೆ ಏರಿದೆ. ಕಾರಣ ಸರಳ. ಮಾನೋಕ್ರೊಮೇಟರ್‌ನಿಂದ ತುಸು ಬೇರೆ ದಿಕ್ಕಿಗೆ ಹೊರಟ ನ್ಯೂಟ್ರಾನ್‌ನ ತರಂಗಾಂತರವೂ ತುಸು ಬೇರೆ. ಮಾದರಿಯು ಕಿರಣವನ್ನು ಮಾನೋಕ್ರೊಮೇಟರ್‌ಗೆ ವಿರುದ್ಧ ದಿಕ್ಕಿಗೆ ತಿರುಗಿಸಿದಾಗ, ಟೇಕ್-ಆಫ್ ಕೋನದ ಸುತ್ತಮುತ್ತ ಈ ಎರಡು ವ್ಯತ್ಯಾಸಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆ ಕೋನದಿಂದ ದೂರ ಹೋದಂತೆ ಅಳಿಸುವಿಕೆ ತಪ್ಪುತ್ತದೆ.

ಮತ್ತೆ ಮ್ಯಾಂಗನೀಸ್ ಆಕ್ಸೈಡ್‌ಗೆ ಬನ್ನಿ. 1.5 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ ಅದರ 111 ಶಿಖರ 34 ಡಿಗ್ರಿಯಲ್ಲಿದೆ. ಕ₂ 20 ಆಗಿದ್ದಾಗ ಅಲ್ಲಿ ಪದರ ಅಂತರದ ಮಸುಕು ಶೇಕಡಾ 0.85, ಕ₂ 40 ಆದಾಗ ಶೇಕಡಾ 1.2. ಶೇಕಡಾ 1.4ರ ಒಡಕನ್ನು ಮೊದಲನೆಯದರಲ್ಲಿ ಸ್ಪಷ್ಟವಾಗಿ ಕಾಣಬಹುದು, ಎರಡನೆಯದರಲ್ಲಿ ಅದು ಭುಜವೊಂದು ಮೂಡಿದಂತೆ ಕಾಣಬಹುದು. ಆದರೆ 120 ಡಿಗ್ರಿಯಲ್ಲಿ ಎರಡರಲ್ಲೂ ಮಸುಕು ಶೇಕಡಾ 0.12 ಮಾತ್ರ. ಓರೆ ಹುಟ್ಟುವ ಮೊದಲ ಕ್ಷಣ, 118 ಕೆಲ್ವಿನ್‌ಗೆ ಅತಿ ಹತ್ತಿರ, ಒಡಕು ಇನ್ನೂ ಶೇಕಡಾ 0.2 ಅಥವಾ 0.3 ಇರುವಾಗ ಅದನ್ನು ಹಿಡಿಯಬೇಕಾದದ್ದು ಅಲ್ಲಿ. ಹಾಗಾದರೆ ಕ₂ ಅನ್ನು ಧೈರ್ಯವಾಗಿ ತೆರೆಯಿರಿ, 111 ಶಿಖರದ ಮೇಲಿನ ವ್ಯಾಮೋಹ ಬಿಡಿ.

ಕಾಲಿಮೇಟರ್ ತಯಾರಿಕೆಯ ಬಗ್ಗೆ ಒಂದು ಮಾತು. ಗ್ಯಾಡೊಲಿನಿಯಂ ಆಕ್ಸೈಡ್ ಬಳಿದ ತೆಳು ಹಾಳೆಗಳನ್ನು ಸಮಾನಾಂತರವಾಗಿ ಬಿಗಿದಿರುತ್ತಾರೆ, ಹಾಳೆಗಳ ನಡುವಿನ ಅಂತರವನ್ನು ಉದ್ದದಿಂದ ಭಾಗಿಸಿದರೆ ಕೋನ ಸಿಗುತ್ತದೆ. 500 ಮಿಲಿಮೀಟರ್ ಉದ್ದದ 10 ನಿಮಿಷದ ಕಾಲಿಮೇಟರ್‌ಗೆ ಅಂತರ 1.45 ಮಿಲಿಮೀಟರ್. ಒಂದು ಹಾಳೆ ಜೋಲುಬಿದ್ದರೂ ಲೆಕ್ಕ ತಪ್ಪುತ್ತದೆ.

ನಾಲ್ಕನೆಯ ಹಂತ: ಹರಳಿನ ಮೊಸಾಯಿಕ್, ಲಂಬ ಕೇಂದ್ರೀಕರಣ

ದೋಷವಿಲ್ಲದ ಜರ್ಮೇನಿಯಂ ಹರಳು ಕಿರಣದ ತೀರಾ ಸಣ್ಣ ಎಳೆಯನ್ನಷ್ಟೇ ಪ್ರತಿಫಲಿಸುತ್ತದೆ. ಅದಕ್ಕೇ ಹರಳನ್ನು ಕಾಯಿಸಿ ಒತ್ತಿ, ಬೇಕೆಂದೇ ಅದರೊಳಗೆ ಓರೆಗಳನ್ನು ಹುಟ್ಟಿಸುತ್ತಾರೆ. ಹೆಚ್ಚು ಒತ್ತಿದಷ್ಟೂ ಒಳ್ಳೆಯದೇ? ಮೇಲಿನ ಮೊದಲ ಜೋಡಣೆಯಲ್ಲಿ ಮ ಅನ್ನು 20ರಿಂದ 10ಕ್ಕೆ ಇಳಿಸಿದರೆ ತೀವ್ರತೆಯ ನಾಲ್ಕನೇ ಒಂದು ಭಾಗ ಹೋಗುತ್ತದೆ. ಆದರೆ 40ಕ್ಕೆ ಏರಿಸಿದರೆ ಸೂತ್ರದಂತೆ ಸಿಗುವುದು ಶೇಕಡಾ 10 ಮಾತ್ರ. ವಾಸ್ತವದಲ್ಲಿ ಹರಳಿನ ಗರಿಷ್ಠ ಪ್ರತಿಫಲನವೂ ಕುಸಿಯುವುದರಿಂದ ಅದೂ ಸಿಗದು. 20 ನಿಮಿಷದ ಆಸುಪಾಸೇ ನೆಮ್ಮದಿಯ ಜಾಗ. ಒತ್ತುವುದರ ಬದಲು ಬಾಗಿಸುವ ದಾರಿಯೂ ಇದೆ. ಧ್ರುವದಲ್ಲಿ ವಿಶ್ವವಿದ್ಯಾಲಯಗಳ ಬಳಕೆದಾರರಿಗೆಂದು ನಡೆಯುವ ಪಿಡಿ-3 ಉಪಕರಣ ಬಾಗಿಸಿದ ಸಿಲಿಕಾನ್ ಹರಳನ್ನು ಬಳಸುತ್ತದೆ, ತರಂಗಾಂತರ 1.48 ಆಂಗ್‌ಸ್ಟ್ರಾಮ್.

ಲಂಬ ದಿಕ್ಕಿನಲ್ಲಿ ಮಾತ್ರ ಉದಾರವಾಗಿರಬಹುದು. ಶಿಖರದ ಅಗಲ ನಿರ್ಧಾರವಾಗುವುದು ಅಡ್ಡ ತಲದಲ್ಲಿ. ಆದ್ದರಿಂದ ಹಲವು ಹರಳುಗಳನ್ನು ಒಂದರ ಮೇಲೊಂದು ಜೋಡಿಸಿ, ಎತ್ತರದ ಕಿರಣವನ್ನು ಮಾದರಿಯ ಮೇಲೆ ಕೇಂದ್ರೀಕರಿಸಿದರೆ ಹಲವು ಪಟ್ಟು ತೀವ್ರತೆ ಹೆಚ್ಚೂಕಡಿಮೆ ಉಚಿತವಾಗಿ ಬರುತ್ತದೆ. ಬಾಗಿನ ತ್ರಿಜ್ಯ = 2 × ಮಾನೋಕ್ರೊಮೇಟರ್ ಕೋನದ ಸೈನ್ ÷ (1/ಮೂಲದ ದೂರ + 1/ಮಾದರಿಯ ದೂರ). ಮೂಲ 5 ಮೀಟರ್, ಮಾದರಿ 2 ಮೀಟರ್ ದೂರದಲ್ಲಿದ್ದು ಟೇಕ್-ಆಫ್ ಕೋನ 120 ಡಿಗ್ರಿಯಾದರೆ ತ್ರಿಜ್ಯ 2.47 ಮೀಟರ್. ಇದರ ತೆರಿಗೆ ಕೆಳಗಿನ ಕೋನಗಳಲ್ಲಿ ಕಾಣುತ್ತದೆ: 30 ಡಿಗ್ರಿಗಿಂತ ಕೆಳಗಿನ ಶಿಖರಗಳಿಗೆ ಎಡಕ್ಕೆ ಬಾಲ ಬೆಳೆಯುತ್ತದೆ. ಕಾಂತೀಯ ಶಿಖರದ ಸ್ಥಾನವನ್ನು ನಿಖರವಾಗಿ ಅಳೆಯಬೇಕಾದವರು ಕಿರಣದ ಎತ್ತರವನ್ನು ಸ್ಲಿಟ್‌ಗಳಿಂದ ತಗ್ಗಿಸಿಕೊಳ್ಳಬೇಕು.

ಐದನೆಯ ಹಂತ: ಮಾದರಿ ಮತ್ತು ಹಿನ್ನೆಲೆ

ಉಪಕರಣದ ಮೇಲೆ ವರ್ಷಗಟ್ಟಲೆ ಶ್ರಮಪಟ್ಟು, ಮಾದರಿಯ ಡಬ್ಬಿಯನ್ನು ಮಾತ್ರ ಕೈಗೆ ಸಿಕ್ಕದ್ದನ್ನು ಬಳಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕ₃ ಕಾಲಿಮೇಟರ್ ಇಲ್ಲದೆ, ಸ್ಥಾನಸೂಕ್ಷ್ಮ ಡಿಟೆಕ್ಟರ್ ಬಳಸುವ ಉಪಕರಣದಲ್ಲಿ ಮಾದರಿಯ ವ್ಯಾಸವೇ ಕ₃. 8 ಮಿಲಿಮೀಟರ್ ವ್ಯಾಸದ ಡಬ್ಬಿ 1.5 ಮೀಟರ್ ದೂರದ ಡಿಟೆಕ್ಟರ್‌ಗೆ ಸುಮಾರು 18 ನಿಮಿಷ ಅಗಲವಾಗಿ ಕಾಣುತ್ತದೆ. 4 ಮಿಲಿಮೀಟರ್ ಆದರೆ 9 ನಿಮಿಷ, ಆದರೆ ಪುಡಿಯ ಪ್ರಮಾಣ ಕಾಲು ಭಾಗಕ್ಕೆ ಇಳಿಯುತ್ತದೆ. ಡಬ್ಬಿ ವೆನೇಡಿಯಂನದಿರಲಿ, ಅದು ತನ್ನದೇ ಶಿಖರಗಳನ್ನು ಬಹುತೇಕ ತೋರಿಸುವುದಿಲ್ಲ. ಪುಡಿಯಲ್ಲಿ ಹೈಡ್ರೋಜನ್ ಇದ್ದರೆ ಡ್ಯೂಟೀರಿಯಂಗೆ ಬದಲಿಸಿ. ಹೈಡ್ರೋಜನ್ ಶಿಖರ ಕಟ್ಟದೆ ಎಲ್ಲ ದಿಕ್ಕಿಗೂ ಹರಡುವ ಅಸಂಬದ್ಧ ಚದುರಿಕೆಯನ್ನು ಸುಮಾರು 80 ಬಾರ್ನ್‌ನಷ್ಟು (ಬಾರ್ನ್ ಚದುರಿಕೆಯ ಅಳತೆಮಾನ) ಸುರಿಯುತ್ತದೆ, ಡ್ಯೂಟೀರಿಯಂ ಸುಮಾರು 2 ಬಾರ್ನ್ ಮಾತ್ರ. ಬೋರಾನ್ ಇದ್ದರೆ ಬೋರಾನ್-11 ಐಸೋಟೋಪ್ ಹುಡುಕಿ.

ಹಿನ್ನೆಲೆಯ ಲೆಕ್ಕ ಹಲವರನ್ನು ಅಚ್ಚರಿಗೊಳಿಸುತ್ತದೆ. ದೊಡ್ಡ ಹಿನ್ನೆಲೆಯ ಮೇಲೆ ಕೂತ ಸಣ್ಣ ಕಾಂತೀಯ ಶಿಖರಕ್ಕೆ ಬೇಕಾಗುವ ಸಮಯ, ಹಿನ್ನೆಲೆಯನ್ನು ಶಿಖರದ ವರ್ಗದಿಂದ ಭಾಗಿಸಿದಷ್ಟು. ಕಿರಣವನ್ನು ಎರಡು ಪಟ್ಟು ತೆರೆದರೆ ಶಿಖರ, ಹಿನ್ನೆಲೆ ಎರಡೂ ದ್ವಿಗುಣವಾಗಿ ಸಮಯ ಅರ್ಧವಾಗುತ್ತದೆ. ಕಿರಣವನ್ನು ಮುಟ್ಟದೆ ಹಿನ್ನೆಲೆಯನ್ನು ಮಾತ್ರ ಅರ್ಧ ಮಾಡಿದರೂ ಸಮಯ ಅಷ್ಟೇ ಇಳಿಯುತ್ತದೆ, ರೆಸಲ್ಯೂಷನ್ ಒಂದು ಕೂದಲೆಳೆಯಷ್ಟೂ ಕೆಡುವುದಿಲ್ಲ. ಕ್ಯಾಡ್ಮಿಯಂ ಹಾಳೆ, ಬೋರಾನ್ ಕಾರ್ಬೈಡ್ ಇಟ್ಟಿಗೆ, ವೇಗದ ನ್ಯೂಟ್ರಾನ್‌ಗಳನ್ನು ತಡೆಯುವ ನೀಲಮಣಿ ಶೋಧಕ, ಮಾದರಿಯನ್ನು ತಣಿಸುವ ಕ್ರಯೊಸ್ಟಾಟ್‌ನ ಅಲ್ಯೂಮಿನಿಯಂ ಗೋಡೆಯ ಚದುರಿಕೆಯನ್ನು ಕತ್ತರಿಸುವ ತೂಗಾಡುವ ತ್ರಿಜ್ಯೀಯ ಕಾಲಿಮೇಟರ್ ಇವೆಲ್ಲ ದುಬಾರಿ ಹರಳುಗಳಷ್ಟೇ ಫಲ ಕೊಡುತ್ತವೆ. ಒಂದು ಕಾಲಿಮೇಟರ್‌ನ ಅಂಚಿನಲ್ಲಿ ಬೆರಳಗಲದ ಸಂದಿಗೆ ಕ್ಯಾಡ್ಮಿಯಂ ಮುಚ್ಚಿದ ಮೇಲೆ, ಎರಡು ದಿನ ಕಾಣದಿದ್ದ ಶಿಖರ ಸಂಜೆಯೊಳಗೆ ಎದ್ದು ನಿಂತದ್ದನ್ನು ನಾನು ಮರೆತಿಲ್ಲ.

ಆರನೆಯ ಹಂತ: ಅಳೆದು ಪರೀಕ್ಷಿಸಿ

ಲೆಕ್ಕವನ್ನು ನಂಬಬೇಡಿ, ಅಳೆಯಿರಿ. ಸಿಲಿಕಾನ್, ಕೊರಂಡಮ್ ಅಥವಾ ಬೋರಾನ್-11ರಿಂದ ಮಾಡಿದ ಲ್ಯಾಂಥನಮ್ ಹೆಕ್ಸಾಬೊರೈಡ್‌ನಂಥ ಪ್ರಮಾಣಿತ ಪುಡಿಯನ್ನು ಪೂರ್ಣ ಕೋನವ್ಯಾಪ್ತಿಯಲ್ಲಿ ಅಳೆದು ಯು, ವಿ, ಡಬ್ಲ್ಯು ಬೆಲೆಗಳನ್ನು ಹೊಂದಿಸಿ. ಲೆಕ್ಕಕ್ಕಿಂತ ಡಬ್ಲ್ಯು ಮಾತ್ರ ದೊಡ್ಡದಾಗಿದ್ದರೆ ಡಿಟೆಕ್ಟರ್ ಬದಿಯನ್ನು, ಮಾದರಿಯ ವ್ಯಾಸವನ್ನು ಮೊದಲು ನೋಡಿ. ಯು ದೊಡ್ಡದಾಗಿದ್ದರೆ ಮಾನೋಕ್ರೊಮೇಟರ್‌ನ ಮೊಸಾಯಿಕ್ ಮತ್ತು ಕ₁ ಕಡೆ ತಿರುಗಿ. ಹೊಸ ಜೋಡಣೆಯನ್ನು ಕಟ್ಟುವ ಮೊದಲು ಮ್ಯಾಕ್‌ಸ್ಟಾಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಿರಣದ ದಾರಿಯನ್ನು ಅನುಕರಿಸುವುದು ಒಳ್ಳೆಯದು. ಡೆನ್ಮಾರ್ಕ್‌ನ ರಿಸೋದಲ್ಲಿ 1990ರ ದಶಕದಲ್ಲಿ ಹುಟ್ಟಿದ ಇದು ಬಾಗಿದ ಹರಳು, ಮಾದರಿಯ ಗಾತ್ರ, ಲಂಬ ಹರವು ಇವೆಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾಗ್ಲಿಯೋಟಿ ಸೂತ್ರ ಅಷ್ಟನ್ನು ಮಾಡಲಾರದು.

ಸ್ಪಂದ ಮೂಲಗಳಲ್ಲಿ

ಇಂಗ್ಲೆಂಡಿನ ಐಸಿಸ್‌ನಂಥ ಸ್ಪಂದ ಮೂಲಗಳಲ್ಲಿ, ಅಂದರೆ ನ್ಯೂಟ್ರಾನ್‌ಗಳನ್ನು ಸತತವಾಗಿ ಅಲ್ಲದೆ ಬಿಟ್ಟು ಬಿಟ್ಟು ಹೊರಡಿಸುವ ಕಡೆ, ಹರಳಿನ ಬದಲು ಗಡಿಯಾರ ತರಂಗಾಂತರವನ್ನು ಹೇಳುತ್ತದೆ. ಹಾರಾಟದ ಸಮಯ ಮೈಕ್ರೊಸೆಕೆಂಡಿನಲ್ಲಿ 252.8 × ತರಂಗಾಂತರ (ಆಂಗ್‌ಸ್ಟ್ರಾಮ್) × ದೂರ (ಮೀಟರ್). ಸ್ಪಂದದ ಅಗಲ 20 ಮೈಕ್ರೊಸೆಕೆಂಡ್ ಎಂದಿಟ್ಟುಕೊಂಡರೆ, 2 ಆಂಗ್‌ಸ್ಟ್ರಾಮ್ ನ್ಯೂಟ್ರಾನ್‌ಗೆ 10 ಮೀಟರ್ ದೂರದಲ್ಲಿ ಮಸುಕು ಶೇಕಡಾ 0.4, ಐಸಿಸ್‌ನ ಎಚ್‌ಆರ್‌ಪಿಡಿ ಉಪಕರಣದ ಸುಮಾರು 95 ಮೀಟರ್ ದೂರದಲ್ಲಿ ಶೇಕಡಾ 0.04. ಡಿಟೆಕ್ಟರ್‌ಗಳನ್ನು ಹಿಂಬದಿಯಲ್ಲಿ, 180 ಡಿಗ್ರಿಗೆ ಸಮೀಪ ಇಟ್ಟರೆ ಕಾಟ್ ಥೀಟಾ ಸೊನ್ನೆಯತ್ತ ಹೋಗಿ ಕೋನದ ಮಸುಕೂ ಕರಗುತ್ತದೆ. ಆದರೆ ಆ 95 ಮೀಟರ್ ದಾಟಲು ನ್ಯೂಟ್ರಾನ್ 48 ಮಿಲಿಸೆಕೆಂಡ್ ಓಡುತ್ತದೆ, ಸ್ಪಂದಗಳೋ 20 ಮಿಲಿಸೆಕೆಂಡಿಗೊಂದು. ಹಿಂದಿನದು ತಲುಪುವ ಮೊದಲೇ ಮುಂದಿನದು ಹೊರಟಿರುತ್ತದೆ. ಆದ್ದರಿಂದ ತಿರುಗುತ್ತಾ ಕಿರಣವನ್ನು ತಡೆಯುವ ಚಾಪರ್‌ಗಳು ಹಲವು ಸ್ಪಂದಗಳನ್ನು ತಡೆದು ಒಂದನ್ನು ಬಿಡುತ್ತವೆ. ಇಲ್ಲಿ ರೆಸಲ್ಯೂಷನ್‌ಗೆ ತೆರುವ ಬೆಲೆ ಅದು.

ಏಳನೆಯ ಹಂತ: ಸಮಯವನ್ನು ಹಂಚಿ

ಕೊಟ್ಟ ದಿನಗಳನ್ನು ಎಲ್ಲ ಉಷ್ಣತೆಗಳಿಗೂ ಸಮನಾಗಿ ಹಂಚುವ ರೂಢಿಯನ್ನು ಬಿಡಿ. ಎಣಿಕೆಯ ದೋಷ ಎಣಿಕೆಯ ವರ್ಗಮೂಲದಷ್ಟು, ಅಂದರೆ ಎರಡು ಪಟ್ಟು ನಿಖರತೆಗೆ ನಾಲ್ಕು ಪಟ್ಟು ಸಮಯ. ಮ್ಯಾಂಗನೀಸ್ ಆಕ್ಸೈಡ್‌ಗಾದರೆ ನಾನು ಹೀಗೆ ಹಂಚುತ್ತೇನೆ: ಮೊದಲು 300 ಕೆಲ್ವಿನ್‌ನಲ್ಲಿ ಅರ್ಧ ತರಂಗಾಂತರದ ನೆರಳಿನ ಪರೀಕ್ಷೆ, ನಂತರ 130 ಕೆಲ್ವಿನ್‌ನಲ್ಲಿ ಕಾಂತೀಯ ಶಿಖರವಿಲ್ಲದ ಒಂದು ದೀರ್ಘ ಅಳತೆ. ಆಮೇಲೆ 2.4 ಆಂಗ್‌ಸ್ಟ್ರಾಮ್‌ನಲ್ಲಿ, ಕಾಲಿಮೇಟರ್ ಸಡಿಲಿಸಿ, 27 ಡಿಗ್ರಿಯ ಸುತ್ತ ಉಷ್ಣತೆಯನ್ನು ಇಳಿಸುತ್ತಾ ಚುಟುಕು ಅಳತೆಗಳು. ಕೊನೆಗೆ ಗಿಡ್ಡ ತರಂಗಾಂತರಕ್ಕೆ ಬದಲಿಸಿ, ಕ₁ ಮತ್ತು ಕ₃ ಬಿಗಿಯಾಗಿಟ್ಟು, ಕ₂ 40 ನಿಮಿಷಕ್ಕೆ ತೆರೆದು, 122ರಿಂದ 112 ಕೆಲ್ವಿನ್‌ವರೆಗೆ ಒಂದೊಂದೇ ಕೆಲ್ವಿನ್ ಇಳಿಯುತ್ತಾ 100 ಡಿಗ್ರಿಯಾಚೆಯ ಶಿಖರಗಳನ್ನು ರಾತ್ರಿಯಿಡೀ ಎಣಿಸುತ್ತೇನೆ.